ಏಳನೇ ಒಲೆಯ ಮುಂದಿನ ಚಪ್ಪಲಿ

"ಮೇಜಿನ ಮ್ಯಾಲೆ ಚಪ್ಪಲಿ ಇಡತೀರೇನ್ರೀ? ವಯಸ್ಸಾದ ಹೆಣ್ಮಗಳು, ಇಷ್ಟೂ ತಿಳೀಬಾರದೇನು?"

ಮುರಿಗೆಪ್ಪನವರು ಕುರ್ಚಿಯನ್ನು ಹಿಂದಕ್ಕೆ ಜರುಗಿಸಿಕೊಂಡೇ ಕೂಗಿದರು. ಪ್ಯಾರೀಸ್ ಕಾರ್ನರಿನ ಆ ಹಳೇ ಕಟ್ಟಡದ ಆಫೀಸಿನಲ್ಲಿ ಅವರ ಎದುರು ಗಟ್ಟಿಯಾಗಿ ಉಸಿರಾಡಿದವರೇ ಕಡಿಮೆ. ಕಾಲಿಗೆ ಹಾಕುವುದನ್ನು ತಂದು ಮೇಜಿಗಿಟ್ಟವರಂತೂ ಇವರೊಬ್ಬರೇ ಇರಬೇಕು.

"ತಿಳ್ದೇ ಮಡಗಿದ್ದೀನಿ ಸಾಮಿ," ಎಂದರು ಪುಟ್ಟತಾಯಮ್ಮ. "ಕೋಪ ಆಮೇಲೆ ಮಾಡ್ಕಳಿ. ಮೊದ್ಲು ಸರಿಯಾಗಿ ನೋಡಿ. ಇದು ಇನ್ನೂ ಚಪ್ಪಲಿ ಥರ ಕಾಣ್ತದಾ?"

ಕಾಣುತ್ತಿರಲಿಲ್ಲ. ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಅಂಚೆಲ್ಲ ಮುರುಟಿಕೊಂಡಿತ್ತು. ಪಟ್ಟಿ ಕರಗಿ ಅಟ್ಟೆಗೆ ಅಂಟಿಹೋಗಿತ್ತು. ಸುಟ್ಟ ರಬ್ಬರಿನ ವಾಸನೆ ಕೋಣೆಯಲ್ಲೆಲ್ಲ ಹರಡಿತು.

"ನಿನ್ನೆ ಸಂಜೆ ನಿಮ್ಮ ಆಫೀಸಿನ ಕೆಳಗಡೆ ಅಂಗಡೀಲೇ ತಕಂಡೆ. ಹೊಚ್ಚ ಹೊಸ ಹವಾಯಿ. ಇವತ್ತು ಬೆಳಿಗ್ಗೆ ನಿಮ್ಮ ಫ್ಯಾಕ್ಟರೀಗೆ ಹೋಗಿ, ಹನ್ನೆರಡನೇ ಒಲೆ ಬಾಗ್ಲು ತೆಗೆಯೋಕೆ ಮುಂಚೆ ಅದರ ಪಕ್ಕದ ಒಲೆ ಮುಂದೆ ಮಡಗ್ದೆ. ಆ ಬಾಗ್ಲು ತೆಗ್ದು ಮುಚ್ಚೋ ಹೊತ್ಗೆ ಇದು ಹಿಂಗಾಗಿತ್ತು."

ಮುರಿಗೆಪ್ಪನವರು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಅಷ್ಟೇ ಸಾಕಾಯಿತು ನಮ್ಮ ಪುಟ್ಟತಾಯಮ್ಮನವರಿಗೆ. ಮೈಸೂರಿನಲ್ಲಿ ಪೊಲೀಸ್ ಬೆರಳಚ್ಚು ವಿಭಾಗದಲ್ಲಿ ಸರ್ವಿಸ್ ಮುಗಿಸಿ, ಮಗನ ಜೊತೆ ತಮಿಳು ಸೀಮೆಯ ವಡಪಳನಿಗೆ ಬಂದು, ಟೀವಿ ಮುಂದೆ ಕೂತು ಬೇಸತ್ತು ಪತ್ತೇದಾರಿಕೆಗೆ ಇಳಿದ ಹೆಂಗಸು ಅವರು. ಎದುರಿಗಿದ್ದವರ ಬಾಯಿ ಯಾವಾಗ ಮುಚ್ಚುತ್ತದೆ ಎಂಬುದನ್ನೇ ಕಾಯುತ್ತಿರುತ್ತಾರೆ.

ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿ ಅನು ಕೂತಿದ್ದಳು. ಅವಳ ಗಂಡ ಮೋಹನ್, ಮುರಿಗೆಪ್ಪನವರ ಕೋಕ್ ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್. ಸೋಮವಾರ ಸಂಜೆಯಿಂದ ಅಲ್ಲಿಯ ಕೆಮಿಸ್ಟ್ ಗಂಗಾಧರ ನಾಪತ್ತೆ. ಮಂಗಳವಾರ ಮಧ್ಯಾಹ್ನ ಏಳನೇ ಒಲೆಯ ಮುಂದೆ ಅವನ ಚಪ್ಪಲಿ ಸಿಕ್ಕಿತ್ತು. ಆ ಒಲೆಗೆ ಸೋಮವಾರ ಸಂಜೆ ಕಲ್ಲಿದ್ದಲು ತುಂಬಿಸಿದ್ದು ಮೋಹನನ ಶಿಫ್ಟು. ಸೋಮವಾರ ಮಧ್ಯಾಹ್ನವೇ ಅವನೂ ಗಂಗಾಧರನೂ ಕೂಗಾಡಿದ್ದನ್ನು ಹತ್ತಾರು ಜನ ಕೇಳಿದ್ದರು. ಇನ್ನೇನು ಬೇಕು? ಕೆಮಿಸ್ಟನನ್ನು ಒಲೆಗೆ ನೂಕಿ ಸುಟ್ಟುಬಿಟ್ಟ ಎಂದು ಊರೆಲ್ಲ ಮಾತಾಯಿತು. ಇವತ್ತು ಸಂಜೆಯೊಳಗೆ ಬೇರೆ ಸಾಕ್ಷಿ ಸಿಗದಿದ್ದರೆ ಕೊಲೆ ಕೇಸು ಹಾಕುತ್ತೇನೆ ಎಂದು ಇನ್ಸ್‌ಪೆಕ್ಟರ್ ತಮಿಳರಸಿ ಖಡಾಖಂಡಿತ ಹೇಳಿದ್ದರು.

"ಅದೆಲ್ಲ ನನಗ್ಯಾಕ ಹೇಳತೀರಿ?" ಮುರಿಗೆಪ್ಪ ಮತ್ತೆ ದನಿ ತಂದುಕೊಂಡರು. "ಫ್ಯಾಕ್ಟರಿ ನೋಡಿಕೊಳ್ಳಾಂವ ನನ್ನ ಮಗ ರವಿಶಂಕರ. ಅವನ್ನ ಕೇಳ್ರಿ."

"ನಿಮ್ಮ ಮಗನಿಗೆ ಒಲೆ ಬಗ್ಗೆ ಎಷ್ಟು ಗೊತ್ತೋ ನಂಗೊತ್ತಿಲ್ಲ. ನಿಮಗೆ ಗೊತ್ತು. ಅದ್ಕೇ ನಿಮ್ಮ ಹತ್ರ ಬಂದೆ."

ಈ ಮಾತು ನಿಜ. ಬಳ್ಳಾರಿ ಕಡೆಯಿಂದ ಬಂದು ಗುಮ್ಮಿಡಿಪೂಂಡಿಯಾಚೆ ಬಂಜರಿನಲ್ಲಿ ಆ ಒಲೆಗಳ ಸಾಲನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿಸಿದವರು ಈ ಹಿರಿಯರೇ. ಮೂರು ದಿನದ ಹಿಂದೆ ಪುಟ್ಟತಾಯಮ್ಮನವರಿಗೆ ಕೋಕ್ ಎಂದರೆ ಬಾಟಲಿಯಲ್ಲಿ ಬರುವ ಪಾನೀಯ ಅಷ್ಟೇ ಗೊತ್ತಿತ್ತು. ಈಗ ಕೇಳಿ ನೋಡಿ, ನಿಲ್ಲಿಸುವುದೇ ಕಷ್ಟ!

ಕಲ್ಲಿದ್ದಲನ್ನು ಇದ್ದ ಹಾಗೇ ಉಕ್ಕಿನ ಕಾರ್ಖಾನೆಯ ದೊಡ್ಡ ಕುಲುಮೆಗೆ ಸುರಿಯಲಾಗುವುದಿಲ್ಲ. ಹೊಗೆ, ಡಾಂಬರು, ಗ್ಯಾಸು ಎಲ್ಲ ಅದರೊಳಗೇ ಇರುತ್ತದೆ. ಮೇಲಿಂದ ಅದಿರಿನ ಭಾರ ಬಿದ್ದರೆ ಹಿಟ್ಟಾಗಿಬಿಡುತ್ತದೆ. ಅದಕ್ಕೇ ಮೊದಲು ಪುಡಿ ಮಾಡಿ, ನೀರು ಚಿಮುಕಿಸಿ, ಪೆಟ್ಟಿಗೆಯಲ್ಲಿ ಬಡಿದು ಬಡಿದು ಒಂದು ಕೋಣೆಯಷ್ಟು ದೊಡ್ಡ ಇಟ್ಟಿಗೆ ಮಾಡುತ್ತಾರೆ. ಆ ಇಟ್ಟಿಗೆಯನ್ನು ಯಂತ್ರ ಒಲೆಯೊಳಗೆ ತಳ್ಳುತ್ತದೆ. ಬಾಗಿಲು ಹಾಕಿ ಸಂದಿಗೆಲ್ಲ ಮಣ್ಣು ಮೆತ್ತುತ್ತಾರೆ. ಒಳಗೆ ಸಾವಿರ ಡಿಗ್ರಿ ದಾಟಿದ ಕಾವು, ಆದರೆ ಕಲ್ಲಿದ್ದಲಿಗೆ ತಗುಲುವ ಗಾಳಿ ಇಲ್ಲ. ಹಾಗಾಗಿ ಉರಿಯುವುದಿಲ್ಲ, ಬೇಯುತ್ತದೆ. ಮೆತ್ತಗಾಗಿ, ಉಬ್ಬಿ, ಗ್ಯಾಸೆಲ್ಲ ಬಿಟ್ಟು, ಕೊನೆಗೆ ಬೆಳ್ಳಿ ಬಣ್ಣದ ಗಟ್ಟಿ ಕೋಕ್ ಆಗುತ್ತದೆ. ಇದಕ್ಕೆ ಎರಡು ದಿನದ ಮೇಲೆ ಹಿಡಿಯುತ್ತದೆ. ಅರೆಬೆಂದಾಗ ಬಾಗಿಲು ತೆಗೆದರೆ ಗಾಳಿ ನುಗ್ಗಿ ಒಳಗಿದ್ದದ್ದೆಲ್ಲ ಧಗ್ಗೆಂದು ಹೊತ್ತಿಕೊಳ್ಳುತ್ತದೆ. ಸಾಕ್ಷಿಯೂ ಅದರ ಜೊತೆ ಬೂದಿಯಾಗುತ್ತದೆ. ಏಳನೇ ಒಲೆಯನ್ನು ಪೊಲೀಸರು ಇನ್ನೂ ಮುಟ್ಟದೆ ಕಾದದ್ದು ಅದಕ್ಕೇ. ಅದು ಹದಕ್ಕೆ ಬರುವುದು ಇವತ್ತು, ಗುರುವಾರ ಸಂಜೆ.

"ಮಂಗಳವಾರ ಬೆಳಿಗ್ಗೆ ಆರನೇ ಒಲೆ ಬಾಗ್ಲು ತೆಗೆದ್ರು," ಪುಟ್ಟತಾಯಮ್ಮ ಮುರುಟಿದ ಚಪ್ಪಲಿಯನ್ನು ಬೆರಳಿನಿಂದ ಮುಂದೆ ತಳ್ಳಿದರು. "ಕೆಂಡದ ಗೋಡೆ ಹೊರಗೆ ಬಂತು. ಏಳನೇ ಒಲೆ ಮುಂದೆ ಸೋಮವಾರದಿಂದ್ಲೇ ಚಪ್ಪಲಿ ಬಿದ್ದಿದ್ರೆ ಅದೂ ಇದರ ಥರಾನೇ ಆಗ್ಬೇಕಿತ್ತು. ಪೊಲೀಸ್ನೋರ ಹತ್ರ ಇರೋ ಚಪ್ಪಲಿ ನೋಡ್ಕಂಡ್ ಬಂದೆ. ಒಂಚೂರೂ ಮುರುಟಿಲ್ಲ. ನೀಲಿ ಪಟ್ಟಿ ಫಳಫಳ ಅಂತದೆ."

"ಅಂದ್ರೆ?" ಅನು ಎದ್ದು ನಿಂತಳು.

"ಅಂದ್ರೆ ಆರನೇ ಒಲೆ ಮುಚ್ಚಿದ ಮೇಲೆ ಯಾರೋ ತಂದು ಮಡಗಿದ್ದಾರೆ ಕಣವ್ವ. ಅಷ್ಟೊತ್ಗೆ ನಿನ್ನ ಗಂಡ ಸ್ಟೇಷನ್ನಲ್ಲಿ ಬೆಂಚಿನ ಮೇಲೆ ಕೂತಿದ್ದ. ಬೆಳಿಗ್ಗೇನೇ ಜಗಳದ ವಿಚಾರಣೆ ಅಂತ ಕರ್ಕೊಂಡು ಹೋಗಿದ್ರಲ್ಲ!"

ಅನುವಿನ ಕಣ್ಣು ತುಂಬಿ ಬಂತು. ಸೆರಗಿನಲ್ಲಿ ಒರೆಸಿಕೊಳ್ಳಲೂ ಮರೆತು ನಿಂತಳು. "ಅಯ್ಯೋ ದೇವರೇ, ಹಾಗಾದ್ರೆ ಬಿಟ್ಬಿಡ್ತಾರೆ ಅಲ್ವಾ ಅಮ್ಮ? ಇದನ್ನ ಇನ್ಸ್‌ಪೆಕ್ಟರಮ್ಮಂಗೆ ಹೇಳಿದ್ರೆ ಸಾಕಲ್ವಾ?"

"ಸಾಕಾಗಲ್ಲ. ಚಪ್ಪಲಿ ಮಡಗಿದೋರು ಬೇಕು. ಗಂಗಾಧರ ಬೇಕು." ಪುಟ್ಟತಾಯಮ್ಮ ಮುರಿಗೆಪ್ಪನವರ ಕಡೆ ತಿರುಗಿದರು. "ಏನಂತೀರಿ ಸಾಮಿ?"

ಕೆಳಗೆ ಬೀದಿಯಲ್ಲಿ ಕೈಗಾಡಿಯವನೊಬ್ಬ ದಾರಿ ಬಿಡಿ ಎಂದು ತಮಿಳಿನಲ್ಲಿ ಅರಚುತ್ತಿದ್ದ. ಮುರಿಗೆಪ್ಪನವರು ಆ ಕಡೆ ಕಿವಿಗೊಟ್ಟವರ ಹಾಗೆ ಕಿಟಕಿ ನೋಡುತ್ತಾ ಕೂತರು.

"ಯಾರೋ ಕೂಲಿಯಾಂವ ಇಟ್ಟಿರಬೇಕು," ಎಂದರು ಕೊನೆಗೆ.

"ಕೂಲಿಯವ್ನಿಗೆ ಲ್ಯಾಬಿನ ಬೀಗದಕೈ ಎಲ್ಲಿಂದ ಬರ್ತದೆ?"

"ಲ್ಯಾಬ್ ಯಾಕ ಬಂತು ನಡುವ?"

"ಚಪ್ಪಲಿ ಲ್ಯಾಬಿಂದು ಅಂತ ನಿಮಗೆ ಗೊತ್ತಿಲ್ವಾ?" ಪುಟ್ಟತಾಯಮ್ಮನವರ ಮುಖ ಅರಳಿತು. ಇಂಥ ಹೊತ್ತಿನಲ್ಲಿ ಅವರಿಗೆ ತಡೆಯಲಾಗದ ಹುಮ್ಮಸ್ಸು. "ಗಂಗಾಧರ ಮಹಾ ಶಿಸ್ತಿನ ಮನುಷ್ಯನಂತೆ. ಹೊರಗಿನ ಬೂಟು ಲ್ಯಾಬಿನ ಹೊಸಿಲು ದಾಟಂಗಿಲ್ಲ, ಲ್ಯಾಬಿನ ಚಪ್ಪಲಿ ಹೊರಕ್ಕೆ ಬರಂಗಿಲ್ಲ. ಹೊರಗಿನ ಧೂಳು ಸ್ಯಾಂಪಲ್ಲಿಗೆ ಬಿದ್ರೆ ಲೆಕ್ಕ ತಪ್ಪುತ್ತೆ ಅಂತ ನಿಮ್ಮ ಮಗನ್ನೂ ಒಂದ್ಸಲ ಬಾಗಿಲಲ್ಲೇ ನಿಲ್ಲಿಸಿದ್ನಂತೆ. ಅಂಥವ್ನು ಅದೇ ಚಪ್ಪಲಿ ಮೆಟ್ಕಂಡು ಒಲೆ ಹತ್ರ ಹೋಗ್ತಾನಾ? ಬೂಟಿಲ್ದೆ ಆ ಕಾವಿಗೆ ಯಾರಾದ್ರೂ ಹೋಗ್ತಾರಾ?"

ಮುರಿಗೆಪ್ಪ ಸೊಂಟದ ಬೀಗದಕೈ ಗೊಂಚಲನ್ನು ಅಂಗಿಯೊಳಗೆ ಸರಿಸಿಕೊಂಡರು.

"ಲ್ಯಾಬಿನ ಬೀಗದಕೈ ಒಂದು ಗಂಗಾಧರನ ಹತ್ರ. ಇನ್ನೊಂದು ನಿಮ್ಮ ಸೊಂಟದ ಗೊಂಚಲಲ್ಲಿ. ಅಷ್ಟೇ ಆಗಿದ್ರೆ ನಾನು ನಿಮ್ಮ ಮೇಜಿನ ಮೇಲೆ ಇದನ್ನ ಮಡಗ್ತಾ ಇರ್ಲಿಲ್ಲ. ಇನ್ನೊಂದು ವಿಷ್ಯ ಇದೆ."

ಅವರು ತಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ಹಿರಿಯರ ಕಣ್ಣಿನ ಮುಂದೆ ಹಿಡಿದರು. ಪೊಲೀಸರ ಬಳಿಯಿದ್ದ ಚಪ್ಪಲಿಯ ಪಟ್ಟಿ. ರಬ್ಬರಿನ ಎರಡೂ ಮಗ್ಗುಲಲ್ಲಿ ಸಣ್ಣ ಹಲ್ಲಿನ ಗುರುತು ಒತ್ತಿತ್ತು.

"ನಾಯಿ ಕಚ್ಚಿದ್ದು ಅಂದ್ರು ಪೊಲೀಸ್ನೋರು. ನಾಯಿ ಹಲ್ಲು ಹಿಂಗೆ ಸಾಲಾಗಿ ಇರ್ತದಾ? ಇದು ಇಕ್ಕಳದ ಹಲ್ಲು. ಕಾದ ಮೂಸೆ ಎತ್ತೋಕೆ ಲ್ಯಾಬಲ್ಲಿ ಇಟ್ಟಿರ್ತಾರಲ್ಲ ಉದ್ದನೇದು, ಅದರದು. ಯೋಚ್ನೆ ಮಾಡ್ದೆ. ಒಂದು ಜೊತೆ ಹವಾಯಿ ಎತ್ಕಂಡು ಹೋಗೋಕೆ ಇಕ್ಕಳ ಯಾಕೆ? ವಾಚ್‌ಮನ್ ಆಗಿದ್ರೆ ಕಾಲಲ್ಲೇ ಒದ್ಕಂಡು ಹೋಗ್ತಿದ್ದ. ಮೋಹನ್ ಆಗಿದ್ರೆ ಕೈಲಿ ಹಿಡೀತಿದ್ದ. ಇನ್ನೊಬ್ಬನ ಚಪ್ಪಲಿನ ಕೈಯಲ್ಲಿ ಮುಟ್ಟೋಕೆ ಆಗ್ದೇ ಇರೋರು ಆ ಫ್ಯಾಕ್ಟರೀಲಿ ಯಾರಿದ್ದಾರೆ?" ಪುಟ್ಟತಾಯಮ್ಮ ದನಿ ತಗ್ಗಿಸಿದರು. "ಈಗ ತಾನೇ ಮೇಜಿನ ಮೇಲೆ ಇಟ್ಟಿದ್ದಕ್ಕೆ ಕುರ್ಚಿ ಸಮೇತ ಹಿಂದಕ್ಕೆ ಹೋದ್ರಿ ಸಾಮಿ."

ಹಿರಿಯರ ಭುಜ ಕುಸಿಯಿತು. ಅವರು ಹಣೆಯ ಮೇಲೆ ಕೈಯಾಡಿಸಿದರು. ವಿಭೂತಿ ಅಳಿಸಿ ಬೆರಳಿಗೆ ಬಂತು.

"ಪೂಜಿ ಮುಗಿಸಿಕೊಂಡು ಸೀದಾ ಹೋಗಿದ್ದೆ," ಎಂದರು. "ಮಂದೀ ಕೆರ ಕೈಯಾಗ ಹೆಂಗ ಹಿಡೀಲಿ? ಹುಟ್ಟಿದಾಗಿಂದ ಹಿಡಿದಿಲ್ಲ."

ಅನು ಒಂದೇ ನೆಗೆತಕ್ಕೆ ಮೇಜಿನ ಬಳಿ ಬಂದಳು. "ನೀವೇನಾ? ನೀವೇನಾ ಅಜ್ಜಾರೇ ಇಟ್ಟಿದ್ದು? ನನ್ನ ಗಂಡ ನಿಮಗೇನು ಮಾಡಿದ್ರು? ಎರಡು ದಿನದಿಂದ ಅನ್ನ ನೀರು ಇಲ್ದೆ ಅಲ್ಲಿ ಕೂತಿದ್ದಾರೆ. ಬೀದೀಲಿ ಹೋದ್ರೆ ಜನ ನನ್ನ ಮುಖ ನೋಡಿ ಪಿಸುಪಿಸು ಅಂತಾರೆ. ಕುಂಟ್ಕೊಂಡಾದ್ರೂ ಓಡಿ ಬರ್ತಿದ್ದ ನಮ್ಮಣ್ಣ, ಅವನ ಫೋನೂ ಸಿಗ್ತಿಲ್ಲ. ನಿಮ್ಮ ಮೊಮ್ಮಗಳ ವಯಸ್ಸು ನಂದು!"

"ಅವಂಗ ಒಳ್ಳೇದಾಗ್ಲಿ ಅಂತಾನ ಮಾಡಿದ್ದವ್ವ!" ಮುರಿಗೆಪ್ಪನವರ ದನಿ ಒಡೆಯಿತು. "ಸಿಟ್ಟಾಗಬ್ಯಾಡ, ಕೇಳಿಲ್ಲೆ. ಮೋಹನ ಸ್ಟೇಷನ್ನಾಗ ಅದಾನ ಅಂತ ಗೊತ್ತಿದ್ದ ಇಟ್ಟೆ. ಆರನೇ ಒಲಿ ತೆಗೆದ ಮ್ಯಾಲೆ ರಬ್ಬರ್ ಹಂಗ ಉಳಿಯೂದಿಲ್ಲ. ಅಂದ ಮ್ಯಾಲೆ ಅದನ್ನ ಇಟ್ಟಾಂವ ಮೋಹನ ಅಲ್ಲ ಅಂತ ಯಾರಿಗಾದ್ರೂ ತಿಳೀತೈತಿ, ಅಂವ ಬಚಾವಾಗ್ತಾನ ಅಂದ್ಕೊಂಡೆ. ಪೊಲೀಸರಿಗೆ ಅಷ್ಟೂ ತಿಳಿಯಂಗಿಲ್ಲ ಅಂತ ನನಗ ಹೆಂಗ ಗೊತ್ತಾಗಬೇಕು?"

ಪುಟ್ಟತಾಯಮ್ಮನವರಿಗೆ ನಗುವುದೋ ಬೈಯುವುದೋ ತಿಳಿಯಲಿಲ್ಲ. ಜೀವಮಾನವೆಲ್ಲ ಒಲೆಯ ಮುಂದೆ ಕಳೆದ ಮನುಷ್ಯ, ಒಲೆಯ ಕಾವು ಲೋಕಕ್ಕೆಲ್ಲ ಗೊತ್ತಿದೆ ಎಂದುಕೊಂಡಿದ್ದರು. ಬೇರೆ ಯಾರೂ ಮಾಡಲಾರದ ತಪ್ಪು ಇದು.

"ಹಂಗಾದ್ರೆ ಗಂಗಾಧರ?" ಅವರು ಮೇಜಿನ ಮೇಲೆ ಎರಡೂ ಕೈ ಊರಿದರು. "ಎಲ್ಲಿ ಅವನು? ಬದುಕಿದ್ದಾನಾ?"

"ಬದುಕ್ಯಾನ. ಅಂವ ಬದುಕಲಿ ಅಂತಾನ ಇಷ್ಟೆಲ್ಲ." ಮುರಿಗೆಪ್ಪ ಎದ್ದು ಕೋಲು ತೆಗೆದುಕೊಂಡರು. "ಬರ್ರಿ. ಕೀಲ್ಪಾಕಿನಾಗ ನನ್ನ ತಂಗಿ ಮನ್ಯಾಗ ಅದಾನ."

ಅನು ಅಲ್ಲೇ ಗೋಡೆಗೆ ಒರಗಿಬಿಟ್ಟಳು. ಮೊದಲು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಪುಟ್ಟತಾಯಮ್ಮನವರ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಕೀಲ್ಪಾಕಿನ ಮನೆಯ ಬಾಗಿಲು ತೆರೆದವರು ಶಂಕ್ರಮ್ಮ. ಅಣ್ಣನ ಹಿಂದೆ ಇಬ್ಬರು ಹೆಂಗಸರನ್ನು ಕಂಡು ಅವರು ಹುಬ್ಬು ಗಂಟಿಕ್ಕಿದರು. ಅಣ್ಣ ತಲೆಯಾಡಿಸಿದ ಮೇಲೆ ದಾರಿ ಬಿಟ್ಟರು. ಒಳಗೆ ಅಡಿಗೆಮನೆಯ ನೆಲದ ಮೇಲೆ, ತಟ್ಟೆಯ ಮುಂದೆ, ಅರ್ಧ ತಿಂದ ಜೋಳದ ರೊಟ್ಟಿ ಕೈಯಲ್ಲಿ ಹಿಡಿದು ಕೂತಿದ್ದ, ಊರೆಲ್ಲ ಸತ್ತನೆಂದು ಮಾತಾಡುತ್ತಿದ್ದ ಗಂಗಾಧರ.

"ಅಬ್ಬಬ್ಬಾ! ಬೂದಿಯಾದೋನು ಚಟ್ನಿಪುಡಿ ನೆಂಚ್ಕಂಡು ತಿಂತಾ ಕೂತವ್ನೆ!" ಎಂದರು ಪುಟ್ಟತಾಯಮ್ಮ.

ಗಂಗಾಧರ ಗಾಬರಿಯಿಂದ ಎದ್ದ. ಅವನಿಗೆ ಚಪ್ಪಲಿಯ ವಿಷಯವಾಗಲಿ ಮೋಹನನ ವಿಷಯವಾಗಲಿ ಗೊತ್ತೇ ಇರಲಿಲ್ಲ. ಮುರಿಗೆಪ್ಪನವರು ಅವನ ಮೊಬೈಲ್ ತೆಗೆದಿಟ್ಟುಕೊಂಡು, ಹೊರಗೆ ಕಾಲಿಡಬೇಡ ಎಂದಷ್ಟೇ ಹೇಳಿದ್ದರು. ಈಗ ಎಲ್ಲವನ್ನೂ ಕೇಳಿ ಅವನು ತಲೆ ತಲೆ ಚಚ್ಚಿಕೊಂಡ.

"ಮೋಹನ್ ಜೊತೆ ಜಗಳ ಆಡಿದ್ದು ನಿಜ ಮೇಡಂ. ಆದ್ರೆ ಅದು ಕಲ್ಲಿದ್ದಲಿನ ಸಲುವಾಗಿ," ಎಂದ. "ಈ ಸಲ ಬಂದಿರೋ ಲೋಡು ಸತ್ತ ಮಾಲು. ಎಲ್ಲೋ ಬಯಲಲ್ಲಿ ತಿಂಗಳುಗಟ್ಟಲೆ ಗಾಳಿ ಬಿಸಿಲಿಗೆ ಬಿದ್ದಿದೆ. ಮೂಸೆಯಲ್ಲಿ ಚಿಟಿಕೆ ಪುಡಿ ಹಾಕಿ ಕಾಯಿಸಿದ್ರೆ ಒಳ್ಳೇ ಕಲ್ಲಿದ್ದಲು ಉಬ್ಬಿ ಗುಂಡಿ ಥರ ಗಟ್ಟಿಯಾಗುತ್ತೆ. ಇದು ಹಾಕಿದ ಹಾಗೇ ಪುಡಿಯಾಗಿ ಉಳೀತು. ಬೆರಳಲ್ಲಿ ಮುಟ್ಟಿದ್ರೆ ಉದುರುತ್ತೆ."

"ಅದ್ರಿಂದ ಕೋಕ್ ಮಾಡಿದ್ರೆ ಏನಾಯ್ತದೆ?"

"ನೋಡೋಕೆ ಕೋಕೇ. ಕುಲುಮೆಯೊಳಗೆ ಹೋದ್ಮೇಲೆ ಅದಿರಿನ ಭಾರ ತಡೆಯಲ್ಲ, ನುಚ್ಚಾಗುತ್ತೆ. ಕೆಳಗಿಂದ ಬಿಸಿಗಾಳಿ ಮೇಲೆ ಏರೋ ದಾರಿ ಕಟ್ಟಿಕೊಳ್ಳುತ್ತೆ. ಒತ್ತಡ ಏರಿ ಎಲ್ಲಾದ್ರೂ ಸಿಡಿದ್ರೆ? ಅಲ್ಲಿ ಮನುಷ್ಯರು ಕೆಲಸ ಮಾಡ್ತಿರ್ತಾರೆ ಮೇಡಂ. ಮಾಲು ಚೆನ್ನಾಗಿದೆ ಅಂತ ನಾನು ರುಜು ಹಾಕಲ್ಲ ಅಂದೆ. ಒಲೆಗೆ ಹಾಕಬೇಡ ಅಂತ ಮೋಹನ್‌ಗೂ ಹೇಳ್ದೆ. ಮೇಲಿನೋರು ಹೇಳಿದ್ದು ಮಾಡ್ತೀನಿ ಅಂದ ಅವನು. ಅಷ್ಟೇ ಜಗಳ."

"ಅವತ್ತ ಸಾಯಂಕಾಲ ನನ್ನ ಮಗ ಫೋನಿನ್ಯಾಗ ಯಾರಿಗೋ ಹೇಳೂದು ಕೇಳಿದೆ," ಮುರಿಗೆಪ್ಪ ನೆಲ ನೋಡುತ್ತಾ ಹೇಳಿದರು. "ಆ ಕೆಮಿಸ್ಟನ ಬಾಯಿ ಇವತ್ತ ಮುಚ್ಚಸ್ರಿ ಅಂದ. ಎದಿ ಝಲ್ಲಂತು. ಮಗನ್ನ ಹಿಡಿದು ಪೊಲೀಸರಿಗೆ ಕೊಡೂ ಧೈರ್ಯ ಆಗಲಿಲ್ಲ. ಈ ಹುಡುಗನ್ನ ಕಾರಿನ್ಯಾಗ ಹಾಕ್ಕೊಂಡು ಬಂದು ಬಚ್ಚಿಟ್ಟೆ. ಸತ್ತಾನ ಅಂತ ತಿಳಕೊಂಡ್ರ ಹುಡುಕೂದು ಬಿಡತಾರ ಅಂತ ಚಪ್ಪಲಿ ಇಟ್ಟೆ. ತಪ್ಪಾತು."

ಶಂಕ್ರಮ್ಮ ಅಣ್ಣನ ಮುಂದೆ ನೀರಿನ ಚೊಂಬು ತಂದಿಟ್ಟರು.

ಪುಟ್ಟತಾಯಮ್ಮ ಆಗಲೇ ಫೋನು ಕಿವಿಗಿಟ್ಟಿದ್ದರು. ಅವರ ತಮಿಳು ಕೇಳಿ ತಮಿಳರಸಿಗೆ ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧ ಊಹೆ. ಈ ಸಲ ಮಾತ್ರ ಒಂದೇ ಉಸಿರಿಗೆ ಎಲ್ಲ ಅರ್ಥವಾಯಿತು. ಗಂಗಾಧರನೇ ಫೋನು ತೆಗೆದುಕೊಂಡು ಮಾತಾಡಿದ. ವೀಡಿಯೋ ಕಾಲಿನಲ್ಲಿ ಮುಖ ತೋರಿಸಿದ.

"ಸರಿಮ್ಮಾ, ಸರಿ," ಎಂದರು ಇನ್ಸ್‌ಪೆಕ್ಟರ್. "ಆ ದೊಡ್ಡವರ ವಿಷಯ, ಮಗನ ವಿಷಯ ಎಲ್ಲ ಆಮೇಲೆ ನೋಡ್ತೀನಿ. ಸತ್ತವನೇ ಇಲ್ಲ ಅಂದ ಮೇಲೆ ಮೋಹನ್ ಮೇಲೆ ಏನು ಕೇಸು? ಮನೆಗೆ ಕಳಿಸ್ತೀನಿ. ಏಳನೇ ಒಲೆಗೆ ಹಾಕಿರೋ ಕಾವಲೂ ತೆಗೀತೀನಿ. ಅವರ ಪಾಡಿಗೆ ಅವರು ಕೋಕ್ ತಳ್ಕೊಳ್ಲಿ."

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಪುಟ್ಟತಾಯಮ್ಮನವರಿಗೆ ಗೆದ್ದ ಖುಷಿ ನೆತ್ತಿಗೇರಿತ್ತು.

"ಬೇಡ, ಬೇಡ! ಕಾವಲು ತೆಗೀಬೇಡಿ," ಎಂದರು. "ಜನರ ಬಾಯಿ ಗೊತ್ತಲ್ಲ ನಿಮಗೆ? ಮನುಷ್ಯನ್ನ ಸುಟ್ಟೋನು ಅಂತ ಆ ಹುಡುಗನ ಬೆನ್ನ ಹಿಂದೆ ಆಡ್ತಾನೇ ಇರ್ತಾರೆ. ಎಲ್ಲರ ಕಣ್ಣ ಮುಂದೇನೇ ಒಲೆ ತೆಗೀಲಿ. ನೀವೂ ಬನ್ನಿ, ಮೋಹನನ್ನೂ ಕರ್ಕೊಂಡ್ ಬನ್ನಿ. ಒಲೆಯೊಳಗೆ ಬರೀ ಕೋಕ್ ಇತ್ತು ಅಂತ ಊರೆಲ್ಲ ನೋಡ್ಲಿ."

ಹೊತ್ತು ಇಳಿಯುವ ವೇಳೆಗೆ ಎಲ್ಲರೂ ಕಾರ್ಖಾನೆಯಲ್ಲಿದ್ದರು. ಸುದ್ದಿ ಅವರಿಗಿಂತ ಮೊದಲೇ ಬಂದು ತಲುಪಿತ್ತು. ಗಂಗಾಧರ ಕಾರಿನಿಂದ ಇಳಿದದ್ದೇ ತಡ, ಕೆಲಸಗಾರರು ಹೋ ಎಂದು ಕೂಗಿ ಸುತ್ತುವರಿದರು. ಒಬ್ಬ ಅವನ ಕೈ ಮುಟ್ಟಿ ನೋಡಿದ. ಇನ್ನೊಬ್ಬ ಕಾಲು ನೆಲಕ್ಕೆ ತಾಗಿದೆಯೇ ಎಂದು ಬಗ್ಗಿ ನೋಡಿದ. ದೂರದಲ್ಲಿ ಆಫೀಸಿನ ಮೆಟ್ಟಿಲ ಮೇಲೆ ರವಿಶಂಕರ್ ಕೈಕಟ್ಟಿ ನಿಂತಿದ್ದ. ಅಪ್ಪನನ್ನು ಕಂಡು ಅವನು ಮುಖ ತಿರುಗಿಸಿದ.

ಪೊಲೀಸ್ ಜೀಪು ಬಂತು. ಮೋಹನ್ ಇಳಿದ. ಗಡ್ಡ ಬೆಳೆದಿತ್ತು, ಅಂಗಿ ಮುದುಡಿತ್ತು. ಅನು ಜನರನ್ನು ತಳ್ಳಿಕೊಂಡು ಓಡಿ ಹೋಗಿ ಅವನ ತೋಳು ಹಿಡಿದಳು. ಅಷ್ಟು ಜನರ ಮುಂದೆ ಅವಳಿಗೆ ಯಾವ ನಾಚಿಕೆಯೂ ಆಗಲಿಲ್ಲ.

"ಎಲ್ಲ ಮುಗೀತು ರೀ. ಅಮ್ಮ ಬಿಡಿಸಿದ್ರು ನಿಮ್ಮನ್ನ," ಎಂದಳು.

ಮೋಹನ್ ಗಂಗಾಧರನನ್ನು ನೋಡಿದ. ನಿಟ್ಟುಸಿರು ಬಿಟ್ಟ. ಆಮೇಲೆ ಪುಟ್ಟತಾಯಮ್ಮನವರಿಗೆ ಕೈ ಮುಗಿದ. "ತುಂಬ ಉಪಕಾರ ಆಯ್ತು ಮೇಡಂ. ಮನೆಗೆ ಹೋಗ್ತೀವಿ. ಈ ಒಲೆ ಗಿಲೆ ಎಲ್ಲ ಯಾಕೆ ಈಗ? ಹುಡುಗರು ತೆಗೀತಾರೆ ಬಿಡಿ."

"ನಿಂತ್ಕೊ ಮಗಾ. ನಿನ್ನ ಹೆಸರು ಕೆಟ್ಟಿದ್ದು ಇಲ್ಲೇ, ಇಲ್ಲೇ ಸರಿಯಾಗ್ಲಿ," ಎಂದು ಅವರು ಅವನ ಬೆನ್ನು ತಟ್ಟಿದರು. ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಪಾಪ, ಎರಡು ದಿನ ನಿದ್ದೆಗೆಟ್ಟ ಹುಡುಗ ಎಂದುಕೊಂಡರು.

ಸೈರನ್ ಕೂಗಿತು. ಬಾಗಿಲ ಸುತ್ತಲಿನ ಒಣಮಣ್ಣನ್ನು ಸರಳಿನಿಂದ ಕೆತ್ತಿ ಬೀಳಿಸಿದರು. ಯಂತ್ರ ಏಳನೇ ಒಲೆಯ ಬಾಗಿಲನ್ನು ಕಚ್ಚಿ ಮೇಲೆತ್ತಿತು. ಆಹಾ, ಆ ಬೆಳಕು! ಮೂವತ್ತು ಹೆಜ್ಜೆ ಆಚೆ ನಿಂತವರೂ ಕೈಯಿಂದ ಮುಖ ಮುಚ್ಚಿಕೊಂಡರು. ಆ ಕಡೆಯಿಂದ ಯಂತ್ರದ ಉದ್ದನೆಯ ತೋಳು ತಳ್ಳತೊಡಗಿತು. ಎದೆಯೆತ್ತರದ ಕೆಂಡದ ಗೋಡೆ ಇಂಚಿಂಚಾಗಿ ಹೊರಬಂದು, ಬಿರುಕು ಬಿಟ್ಟು, ಧೊಪ್ ಧೊಪ್ ಎಂದು ಕೆಳಗಿನ ಗಾಡಿಗೆ ಉರುಳಿತು. ಪುಟ್ಟತಾಯಮ್ಮ ಚಿಕ್ಕ ಹುಡುಗಿಯ ಹಾಗೆ ತು‌ದಿಗಾಲಲ್ಲಿ ನಿಂತು ನೋಡಿದರು.

ಗಾಡಿ ನೀರಿನ ಗೋಪುರದ ಕೆಳಗೆ ಓಡಿತು. ಧೋ ಎಂದು ನೀರು ಸುರಿಯಿತು. ಬಿಳಿ ಆವಿ ಮುಗಿಲಿಗೆ ಎದ್ದು, ಕೊಳೆತ ಮೊಟ್ಟೆಯ ವಾಸನೆ ಹರಡಿ, ಒಂದು ಗಳಿಗೆ ಯಾರಿಗೆ ಯಾರೂ ಕಾಣಲಿಲ್ಲ. ಆವಿ ಸರಿದಾಗ ಕೆಂಡ ಬೂದುಬಣ್ಣಕ್ಕೆ ತಿರುಗಿತ್ತು. ಗಾಡಿ ಅದನ್ನು ಇಟ್ಟಿಗೆಯ ಇಳಿಜಾರಿಗೆ ಸುರಿಯಿತು. ಕೆಲಸಗಾರರು ಕುಂಟೆ ಹಿಡಿದು ಹರವತೊಡಗಿದರು.

"ನೋಡಿದ್ರಲ್ಲ?" ಪುಟ್ಟತಾಯಮ್ಮ ಜನರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು. "ಬರೀ ಕೋಕ್! ಇನ್ನು ಯಾರಾದ್ರೂ ಈ ಹುಡುಗನ ಬಗ್ಗೆ..."

ಟಣ್ ಎಂದಿತು.

ಕುಂಟೆ ಹಿಡಿದವನು ಬಗ್ಗಿದ. ಕೋಕ್ ಹೆಂಟೆಯೊಂದನ್ನು ಹೊರಳಿಸಿ, ಮತ್ತೊಮ್ಮೆ ಕುಂಟೆಯಿಂದ ತಟ್ಟಿದ. ಹೆಂಟೆ ಒಡೆಯಿತು. ಒಳಗೆ ಲೋಹದ ಪಟ್ಟಿಯೊಂದು ಅರ್ಧ ಹುದುಗಿತ್ತು. ಅವನು ಇಕ್ಕಳದಲ್ಲಿ ಎತ್ತಿ ನೀರಿನಲ್ಲಿ ಅದ್ದಿ ತಂದು ಇನ್ಸ್‌ಪೆಕ್ಟರ್ ಮುಂದಿನ ಕಬ್ಬಿಣದ ಹಲಗೆಯ ಮೇಲಿಟ್ಟ.

ಗೇಣುದ್ದದ ಪಟ್ಟಿ. ಸ್ವಲ್ಪ ಬಾಗಿತ್ತು. ಉದ್ದಕ್ಕೂ ಸಾಲಾಗಿ ತೂತುಗಳು. ಎರಡು ತೂತಿನಲ್ಲಿ ಸಣ್ಣ ತಿರುಪುಗಳು ಇನ್ನೂ ಸಿಕ್ಕಿಕೊಂಡಿದ್ದವು.

"ಮಶೀನಿನ ಪಾರ್ಟ್ ಇರಬೇಕು," ಎಂದ ಗಂಗಾಧರ. ಹೇಳುತ್ತಾ ಹೇಳುತ್ತಾ ಅವನಿಗೇ ನಂಬಿಕೆ ಬರಲಿಲ್ಲ.

ಪುಟ್ಟತಾಯಮ್ಮನವರಿಗೆ ಅದು ಏನೆಂದು ಕಂಡ ಕ್ಷಣವೇ ಗೊತ್ತಾಗಿತ್ತು. ಸರ್ವಿಸಿನಲ್ಲಿ ಎಷ್ಟೋ ಸಲ ಶವಪರೀಕ್ಷೆಯ ಟ್ರೇಯಲ್ಲಿ ನೋಡಿದ್ದರು. ಮುರಿದ ಕಾಲಿನ ಮೂಳೆ ಕೂಡಿಸಲು ಡಾಕ್ಟರು ಹಾಕುವ ಪಟ್ಟಿ. ಕಲ್ಲಿದ್ದಲನ್ನು ಬಡಿದು ಮಾಡುವ ಆ ದೊಡ್ಡ ಇಟ್ಟಿಗೆಯೊಳಗೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ ಇರುತ್ತದೆ ಎಂಬುದು ಅವರಿಗೆ ಈಗ ಹೊಳೆಯಿತು.

"ಇದು ಆಸ್ಪತ್ರೇದು," ಎಂದರು ತಮಿಳರಸಿ. ಅವರ ಕೈ ತಾನಾಗಿ ಮೋಹನನ ಮಣಿಕಟ್ಟನ್ನು ಹಿಡಿದಿತ್ತು. "ಯಾರದು? ಅಮ್ಮಾ, ಯಾರದಿದು?"

ಎಲ್ಲರೂ ಅದನ್ನೇ ಕೇಳುತ್ತಿದ್ದರು. ಮುರಿಗೆಪ್ಪನವರು ಕೋಲಿನ ಮೇಲೆ ಭಾರ ಬಿಟ್ಟು ಶಿವ ಶಿವಾ ಎಂದರು. ರವಿಶಂಕರ್ ಮೆಟ್ಟಿಲಿಳಿದು ಓಡಿ ಬಂದ. ಅವನ ಮುಖದಲ್ಲಿದ್ದದ್ದು ನಿಜವಾದ ಆಶ್ಚರ್ಯ. ಪುಟ್ಟತಾಯಮ್ಮ ಒಬ್ಬೊಬ್ಬರ ಮುಖ ನೋಡುತ್ತಾ ಬಂದು ಅನುವಿನ ಮುಖದಲ್ಲಿ ಕಣ್ಣು ನೆಟ್ಟರು.

ಅನು ಮಾತ್ರ ಯಾರದೆಂದು ಕೇಳಲಿಲ್ಲ. ಅವಳು ಹಲಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಹಿಂದೊಮ್ಮೆ ಎಕ್ಸ್‌ರೇಯಲ್ಲಿ ಕಂಡಿದ್ದ ಹಾಗೇ ಆ ಪಟ್ಟಿಯ ತುದಿಯಲ್ಲಿದ್ದ ತಿರುಪಿಲ್ಲದ ತೂತುಗಳನ್ನು ನೋಡುತ್ತಿದ್ದಳು. ನಿಧಾನವಾಗಿ ಎದ್ದು ಗಂಡನ ಎದುರು ಬಂದು ನಿಂತಳು. ಮೋಹನ್ ತಲೆ ಎತ್ತಲಿಲ್ಲ.

"ಸೋಮವಾರ ನಮ್ಮಣ್ಣನ್ನ ಕೋಯಂಬೇಡು ಬಸ್ ಸ್ಟ್ಯಾಂಡಿಂದ ಊರಿಗೆ ಕಳಿಸಿ ಬಂದೆ ಅಂದ್ರಿ," ಎಂದಳು ಅನು. "ಅವತ್ತಿಂದ ಅವನ ಫೋನ್ ಸ್ವಿಚ್ ಆಫ್ ಇದೆ. ಯಾವ ಬಸ್ಸು ಹತ್ತಿಸಿದ್ರಿ ರೀ?"